ಪೆಟ್ರೋಲ್ ಕಾರೋ ಎಲೆಕ್ಟ್ರಿಕ್ ಕಾರೋ: ಕಾಸರಗೋಡಿನ ಕರೆಂಟ್ ಬಿಲ್ಲಿನಲ್ಲಿ ಕಿಲೋಮೀಟರಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಬದಿಯಡ್ಕದ ಅಧ್ಯಾಪಕ (ಪ್ರಶ್ನೆ):

ಮಾನ್ಯರೇ, ನನ್ನ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಕೆಲಸ ಕಾಸರಗೋಡು ಪೇಟೆಯ ಶಾಲೆಯಲ್ಲಿ. ಈಗಿರುವ ಸಣ್ಣ ಪೆಟ್ರೋಲ್ ಕಾರಿಗೆ ವಯಸ್ಸಾಗಿದ್ದು, ಅದನ್ನು ಬದಲಾಯಿಸುವುದು ಇನ್ನು ಮುಂದೂಡುವಂತಿಲ್ಲ. ಶಾಲೆಗೆ ಹೋಗಿಬರುವುದು, ಮಂಗಳೂರಿನ ಆಸ್ಪತ್ರೆ, ನೆಂಟರಿಷ್ಟರ ಮನೆಯ ಪೂಜೆ ಮದುವೆಗಳು ಎಲ್ಲವೂ ಸೇರಿ ತಿಂಗಳಿಗೆ ಸರಾಸರಿ 1,000 ಕಿಲೋಮೀಟರ್ ಓಡಾಟವಿದೆ.

ಎಲೆಕ್ಟ್ರಿಕ್ ಕಾರು ಮಾರುವವರು ಕಿಲೋಮೀಟರಿಗೆ ಒಂದೇ ರೂಪಾಯಿ ಖರ್ಚು ಎನ್ನುತ್ತಾರೆ. ಅದೇ ಕಾರನ್ನು ಇಟ್ಟುಕೊಂಡಿರುವ ನನ್ನ ಸಹೋದ್ಯೋಗಿಯೊಬ್ಬರು, ಕಾರು ಬಂದ ಮೇಲೆ ಮನೆಯ ಕರೆಂಟ್ ಬಿಲ್ಲು ಎರಡು ಪಟ್ಟಿಗಿಂತಲೂ ಹೆಚ್ಚಾಯಿತು, ಒಂದು ರೂಪಾಯಿಯ ಮಾತು ಜಾಹೀರಾತಿಗೆ ಮಾತ್ರ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ ಎಂದು ನನಗನ್ನಿಸುವುದರಿಂದಲೇ ಗೊಂದಲ ಹೆಚ್ಚಾಗಿದೆ. ನಮ್ಮ ಮನೆಯಲ್ಲಿ ಎರಡು ತಿಂಗಳ ಬಿಲ್ಲಿಗೆ ಸುಮಾರು 320 ಯೂನಿಟ್ ಬರುತ್ತದೆ. ತೋಟದ ಪಂಪಿಗೆ ಬೇರೆಯೇ ಕನೆಕ್ಷನ್ ಇದೆ. ಅಂತರ್ಜಾಲದಲ್ಲಿ ಸಿಗುವ ಲೆಕ್ಕಗಳೆಲ್ಲ ದೆಹಲಿಯ ಅಥವಾ ಬೆಂಗಳೂರಿನ ಕರೆಂಟ್ ದರ ಹಿಡಿದು ಮಾಡಿದವು. ಬಳಕೆ ಹೆಚ್ಚಿದಂತೆ ದರವೂ ಏರುವ ಕೇರಳದ ಸ್ಲಾಬ್ ಪದ್ಧತಿಯಲ್ಲಿ, ನಮ್ಮ ಗುಡ್ಡೆ ರಸ್ತೆಗಳಲ್ಲಿ, ನಮ್ಮ ಮಳೆಗಾಲದಲ್ಲಿ ಅವು ಎಷ್ಟರಮಟ್ಟಿಗೆ ನಿಲ್ಲುತ್ತವೆಂದು ತಿಳಿಯುವುದಿಲ್ಲ. ಸರ್ವಿಸ್, ವಿಮೆ, ತೆರಿಗೆಗಳನ್ನೂ ಸೇರಿಸಿ ಯಾರಾದರೂ ಕೂಡಿಸಿ ಕಳೆದು ನೋಡಿದ್ದರೆ ದಯವಿಟ್ಟು ತಿಳಿಸಬೇಕು. ಪರಿಸರದ ವಿಚಾರ ನನಗೂ ಮುಖ್ಯವೇ ಆದರೂ ಇಲ್ಲಿ ಕೇಳುತ್ತಿರುವುದು ಹಣದ ಲೆಕ್ಕವನ್ನು ಮಾತ್ರ.


ವಿದ್ಯಾನಗರದ ಲೆಕ್ಕಿಗ:

ಅಧ್ಯಾಪಕರೇ, ಮಾರುವವರು ಹೇಳಿದ್ದೂ ನಿಮ್ಮ ಸಹೋದ್ಯೋಗಿ ಹೇಳಿದ್ದೂ ಎರಡೂ ಸರಿಯಾಗಿರಲು ಸಾಧ್ಯವಿದೆ. ಕಾರು ಎಷ್ಟು ಯೂನಿಟ್ ಕುಡಿಯುತ್ತದೆ ಎಂಬುದರಷ್ಟೇ, ಆ ಯೂನಿಟ್‌ಗಳು ನಿಮ್ಮ ಮನೆಯ ಬಳಕೆಯ ಮೇಲೆ ಯಾವ ಸ್ಲಾಬಿನಲ್ಲಿ ಬಂದು ಕುಳಿತುಕೊಳ್ಳುತ್ತವೆ ಎಂಬುದೂ ಖರ್ಚನ್ನು ನಿರ್ಧರಿಸುತ್ತದೆ. ಹೊರಗಿನವರ ಲೆಕ್ಕಗಳು ಇಲ್ಲಿ ತಪ್ಪುವುದು ಈ ಎರಡನೆಯದರಿಂದ.

ಮೊದಲು ಪೆಟ್ರೋಲಿನದನ್ನು ಮುಗಿಸೋಣ. ಕಾಸರಗೋಡಿನಲ್ಲಿ ಲೀಟರಿಗೆ ಸುಮಾರು 106 ರೂ. ಎಂದಿಟ್ಟುಕೊಳ್ಳೋಣ. ಕಂಪನಿಯವರು ಹೇಳುವ ಮೈಲೇಜ್ ಎಷ್ಟೇ ಇರಲಿ, ಬದಿಯಡ್ಕ ಚೆರ್ಕಳದ ಏರಿಳಿತ ಮತ್ತು ಪೇಟೆಯ ಟ್ರಾಫಿಕ್ ಬ್ಲಾಕ್ ಎರಡನ್ನೂ ದಾಟುವ ಸಣ್ಣ ಕಾರಿಗೆ ಎ.ಸಿ. ಹಾಕಿಕೊಂಡು ಲೀಟರಿಗೆ 16 ಕಿಲೋಮೀಟರ್ ಸಿಕ್ಕಿದರೆ ಅದು ಒಳ್ಳೆಯ ಮೈಲೇಜೇ. ಈಗ ಬರುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದ್ದು, ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟು ಮಾತ್ರ ಆಗಿರುವುದರಿಂದ, ಹಳೆಯ ಮೈಲೇಜನ್ನು ನೆನಪಿನಿಂದ ಹೇಳುವವರ ಅಂಕಿಯಿಂದ ಸ್ವಲ್ಪ ಕಳೆದೇ ನಂಬಬೇಕು. 1,000 ಕಿಲೋಮೀಟರಿಗೆ 62.5 ಲೀಟರ್, ಅಂದರೆ 6,625 ರೂ. ಆಯಿತು. ಕಿಲೋಮೀಟರಿಗೆ 6 ರೂ. 60 ಪೈಸೆ ಚಿಲ್ಲರೆ.

ಇನ್ನು ಎಲೆಕ್ಟ್ರಿಕ್. ಟಾಟಾ ಟಿಯಾಗೊ ಇ.ವಿ.ಯಂತಹ ಸಣ್ಣ ಕಾರು ನಮ್ಮ ರಸ್ತೆಗಳಲ್ಲಿ 100 ಕಿಲೋಮೀಟರಿಗೆ ಬ್ಯಾಟರಿಯಿಂದ 12 ಯೂನಿಟ್ ಆಸುಪಾಸಿನಲ್ಲಿ ತೆಗೆದುಕೊಳ್ಳುತ್ತದೆ. ಆದರೆ ನಾವು ಹಣ ಕೊಡುವುದು ಬ್ಯಾಟರಿಯ ಯೂನಿಟ್‌ಗೆ ಅಲ್ಲ, ಮೀಟರಿನ ಯೂನಿಟ್‌ಗೆ. ಚಾರ್ಜ್ ಮಾಡುವಾಗ ಶಾಖವಾಗಿ ಹೋಗುವ ಶೇ. 10ರಿಂದ 15ರಷ್ಟನ್ನು ಸೇರಿಸಿದರೆ ಮೀಟರಿನಲ್ಲಿ 14 ಯೂನಿಟ್ ಎಂದು ಹಿಡಿಯಬೇಕು. ಗೋಡೆಯ ಪ್ಲಗ್ಗಿಗೂ ಬ್ಯಾಟರಿಗೂ ನಡುವಿನ ಈ ನಷ್ಟವನ್ನು ಕಾರಿನ ಪರದೆ ತೋರಿಸುವುದಿಲ್ಲ. ಪರದೆಯನ್ನು ನೋಡಿ ಲೆಕ್ಕ ಹಾಕುವವರ ಅಂಕಿ ಯಾವಾಗಲೂ ಕಡಿಮೆಯೇ ಬರುತ್ತದೆ. ಹೀಗೆ ನಿಮ್ಮ ಓಡಾಟಕ್ಕೆ ತಿಂಗಳಿಗೆ 140 ಯೂನಿಟ್ ಬೇಕು.

ಈಗ ಬಿಲ್ಲಿಗೆ ಬರೋಣ. ಕೇರಳದ ವಿದ್ಯುತ್ ಮಂಡಳಿಯಾದ ಕೆ.ಎಸ್.ಇ.ಬಿ.ಯ ಗೃಹಬಳಕೆಯ ದರ, 2025ರ ಏಪ್ರಿಲ್‌ನಿಂದ ಜಾರಿಗೆ ಬಂದಂತೆ, ತಿಂಗಳಿಗೆ ಮೊದಲ 50 ಯೂನಿಟ್‌ಗೆ 3.35 ರೂ., ಮುಂದಿನ 50ಕ್ಕೆ 4.25, ಆಮೇಲಿನ 50ಕ್ಕೆ 5.35, 200ರ ವರೆಗೆ 7.20, 250ರ ವರೆಗೆ 8.50. ಇಲ್ಲಿಯ ತನಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೇಲಿನ ಮೆಟ್ಟಿಲಿಗೆ ಹೋದರೂ ಕೆಳಗಿನ ಯೂನಿಟ್‌ಗಳ ಅಗ್ಗದ ದರ ನಮ್ಮ ಕೈಯಲ್ಲೇ ಉಳಿಯುತ್ತದೆ. 250 ದಾಟಿದ ಕೂಡಲೇ ಆ ಸೌಲಭ್ಯ ಪೂರ್ತಿ ರದ್ದಾಗಿ, ಮೊದಲನೆಯ ಯೂನಿಟ್‌ನಿಂದಲೇ ಒಂದೇ ದರ ಬೀಳುತ್ತದೆ: 300ರ ವರೆಗೆ 6.75, 350ರ ವರೆಗೆ 7.60, 400ರ ವರೆಗೆ 7.95, 500ರ ವರೆಗೆ 8.25, ಅದಕ್ಕೂ ಮೇಲೆ 9.20. ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ ಆದುದರಿಂದ ಈ ಗಡಿಗಳನ್ನೆಲ್ಲ ಎರಡರಿಂದ ಗುಣಿಸಿ ಓದಿಕೊಳ್ಳಬೇಕು.

ನಿಮ್ಮ ಮನೆಯ ಈಗಿನ ಬಳಕೆ ತಿಂಗಳಿಗೆ 160 ಯೂನಿಟ್. ಅದರ ಎನರ್ಜಿ ಚಾರ್ಜ್ (ಬಳಸಿದ ಯೂನಿಟ್‌ಗಳ ಹಣ) 719.50 ರೂ. ಅದಕ್ಕೆ ಕಾರಿನ 140 ಸೇರಿದರೆ 300, ಅಷ್ಟಕ್ಕೂ 6.75ರಂತೆ 2,025 ರೂ. ವ್ಯತ್ಯಾಸ 1,305.50. ಶೇ. 10ರ ವಿದ್ಯುತ್ ಸುಂಕವನ್ನು ಸೇರಿಸಿದಾಗ 1,436 ರೂ. ಆಯಿತು. ಅಂದರೆ ಬಿಲ್ಲಿನ ಕಾಗದದಲ್ಲಿ ಯೂನಿಟ್‌ಗೆ 6.75 ಎಂದು ಮುದ್ರಿತವಾಗಿದ್ದರೂ ಕಾರಿನ ಒಂದೊಂದು ಯೂನಿಟ್‌ಗೆ ನೀವು ನಿಜವಾಗಿ ಕೊಡುವುದು, ಸುಂಕ ಬಿಟ್ಟೇ, 9.30 ರೂ. ಚಿಲ್ಲರೆ, ಏಕೆಂದರೆ ಕಾರು ಬಂದ ಕಾರಣಕ್ಕೆ ಮನೆಯ ಹಳೆಯ 160 ಯೂನಿಟ್‌ಗಳೂ ತುಟ್ಟಿಯಾದವು. ನಿಮ್ಮ ಸಹೋದ್ಯೋಗಿಯ ದೂರು ಇದೇ. ಅವರು ಹೇಳಿದಂತೆ ಬಿಲ್ಲು ಎರಡು ಪಟ್ಟಿಗಿಂತ ಹೆಚ್ಚಾಗುವುದು ನಿಜ, ಆದರೂ ಕಿಲೋಮೀಟರಿಗೆ ಬಿದ್ದದ್ದು 1 ರೂ. 44 ಪೈಸೆ.

ಇದೇ ಕಾರು, ಇದೇ 1,000 ಕಿಲೋಮೀಟರ್, ಆದರೆ ತಿಂಗಳಿಗೆ 80 ಯೂನಿಟ್ ಮಾತ್ರ ಬಳಸುವ ಇಬ್ಬರೇ ಇರುವ ಮನೆಯಲ್ಲಾದರೆ ಒಟ್ಟು 220ಕ್ಕೆ ನಿಲ್ಲುತ್ತದೆ, ಮೆಟ್ಟಿಲಿನ ಸೌಲಭ್ಯ ತಪ್ಪುವುದಿಲ್ಲ, ಸುಂಕ ಸೇರಿ ಹೆಚ್ಚುವರಿ ಬಿಲ್ಲು 971 ರೂ. ಅಲ್ಲಿ ಒಂದು ರೂಪಾಯಿಯ ಮಾತು ಅಕ್ಷರಶಃ ಸತ್ಯ. ಮೊದಲೇ 300 ಯೂನಿಟ್ ಬಳಸುವ, ಎ.ಸಿ.ಯೂ ಇಂಡಕ್ಷನ್ ಒಲೆಯೂ ಇರುವ ಮನೆಯಲ್ಲಿ 440 ಆಗಿ 1,766 ರೂ. ಹೆಚ್ಚುತ್ತದೆ. ಫಿಕ್ಸೆಡ್ ಚಾರ್ಜೂ ಸ್ಲಾಬಿನ ಜೊತೆಗೆ ಏರುತ್ತದೆ, ಅದು ದೊಡ್ಡ ಮೊತ್ತವಲ್ಲ.

ನಿಮ್ಮ ಲೆಕ್ಕದಲ್ಲಿ ಎಚ್ಚರ ಬೇಕಾದದ್ದು 300ರ ಗಡಿಯಲ್ಲಿ. ನೀವು ಸರಿಯಾಗಿ ಅದರ ಮೇಲೆಯೇ ಬಂದು ನಿಲ್ಲುತ್ತೀರಿ. ಎರಡು ತಿಂಗಳಿಗೆ 600 ಯೂನಿಟ್ ಆದರೆ ಎನರ್ಜಿ ಚಾರ್ಜ್ 4,050 ರೂ.; 601 ಆದರೆ 4,567 ರೂ. ಆ ಒಂದು ಯೂನಿಟ್‌ನ ಬೆಲೆ ಐನೂರು ರೂಪಾಯಿಗಿಂತ ಹೆಚ್ಚು! ರೀಡಿಂಗ್ ತೆಗೆಯುವವರು ಬರುವ ವಾರ ಮೀಟರನ್ನು ಒಮ್ಮೆ ಇಣುಕಿ ನೋಡಿ, ಗಡಿ ಹತ್ತಿರವಿದ್ದರೆ ಒಂದು ಸಲ ಹೊರಗೆ ಚಾರ್ಜ್ ಮಾಡಿಕೊಂಡರೆ ಅದು ಜಿಪುಣತನವಲ್ಲ.

ಇಷ್ಟೆಲ್ಲ ಆದ ಮೇಲೂ ಪೆಟ್ರೋಲಿಗಿಂತ ನಾಲ್ಕೂವರೆ ಪಟ್ಟು ಅಗ್ಗ ಏಕೆಂದರೆ, ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ, 106 ರೂ.ಗೆ 9 ಎಂದರೆ ಯೂನಿಟ್‌ಗೆ 12 ರೂ.ಗೆ ಹತ್ತಿರ. ಶಕ್ತಿಯ ಬೆಲೆಯಲ್ಲಿ ಪೆಟ್ರೋಲಿಗೂ ನಮ್ಮ ಮೇಲಿನ ಸ್ಲಾಬಿನ ಕರೆಂಟಿಗೂ ಮಹಾ ಅಂತರವೇನೂ ಇಲ್ಲ. ಎಂಜಿನ್ನು ಆ ಶಕ್ತಿಯ ಮುಕ್ಕಾಲು ಪಾಲನ್ನು ರೇಡಿಯೇಟರಿಗೂ ಹೊಗೆಕೊಳವೆಗೂ ಕೊಟ್ಟುಬಿಡುತ್ತದೆ, ಮೋಟರು ಹತ್ತರಲ್ಲಿ ಒಂದು ಪಾಲನ್ನಷ್ಟೇ ಕಳೆಯುತ್ತದೆ. ಅಲ್ಲದೆ ಗುಡ್ಡೆ ಇಳಿಯುವಾಗ ಎಲೆಕ್ಟ್ರಿಕ್ ಕಾರು ಏರಲು ಖರ್ಚು ಮಾಡಿದ್ದರ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದು ಬ್ರೇಕಿನ ಶಾಖವಾಗಿ ಹೋಗುತ್ತದೆ. ಆದುದರಿಂದ ಗುಡ್ಡೆ ರಸ್ತೆ ಎಲೆಕ್ಟ್ರಿಕ್ ಕಾರಿಗೆ ನಷ್ಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ನಷ್ಟವಾಗುವುದು ಹೊಸ ಷಟ್ಪಥ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಿಸಿದಾಗ. ಗಾಳಿಯ ಪ್ರತಿರೋಧಕ್ಕೆ ಯೂನಿಟ್‌ಗಳು ಕರಗುವುದು ಅಲ್ಲಿ.


ಮುಳ್ಳೇರಿಯದ ವಯರ್‌ಮ್ಯಾನ್:

ಮಾಸ್ಟ್ರೇ, ಮೇಲಿನ ಲೆಕ್ಕದಲ್ಲಿ ಬಾರದ ಒಂದು ಖರ್ಚು ನಿಮ್ಮ ಗೋಡೆಯೊಳಗೆ ಇದೆ. ಹಳೆಯ ಮನೆಗಳ 15 ಆಂಪಿಯರ್ ಪ್ಲಗ್ಗುಗಳು ಗ್ರೈಂಡರಿಗೋ ಇಸ್ತ್ರಿಪೆಟ್ಟಿಗೆಗೋ ಹಾಕಿಸಿದವು. ಅವು ಹತ್ತು ಇಪ್ಪತ್ತು ನಿಮಿಷದ ಕೆಲಸಕ್ಕೆ ಸಾಕು. ಕಾರಿನ ಜೊತೆಗೆ ಬರುವ ಚಾರ್ಜರು ಸುಮಾರು 3 ಕಿಲೊವ್ಯಾಟನ್ನು ಎಂಟು ಒಂಬತ್ತು ಗಂಟೆ ಬಿಡದೆ ಎಳೆಯುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವಯರು, ಅದಕ್ಕೇ ಪ್ರತ್ಯೇಕವಾದ ಎಂ.ಸಿ.ಬಿ. (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್), ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಒಳ್ಳೆಯ ಇಂಡಸ್ಟ್ರಿಯಲ್ ಸಾಕೆಟ್ ಇಷ್ಟನ್ನು ಹಾಕಿಸದೆ ಚಾರ್ಜಿಗೆ ಇಡಬಾರದು. ಕರಗಿದ ಪ್ಲಗ್ಗುಗಳನ್ನು ಬದಲಾಯಿಸಲು ನನಗೆ ಆಗಾಗ ಕರೆ ಬರುತ್ತದೆ. ಶೆಡ್ಡು ಮನೆಯಿಂದ ದೂರವಿದ್ದರೆ ವಯರಿನ ಖರ್ಚು ಅದಕ್ಕೆ ತಕ್ಕಂತೆ ಏರುತ್ತದೆ.

ನಮ್ಮ ಕಡೆಯ ವಿಶೇಷ ತೊಂದರೆ ಅರ್ತಿಂಗ್‌ನದು. ಮುರಕಲ್ಲಿನ ಗುಡ್ಡೆಯ ಮೇಲೆ ಮನೆ ಕಟ್ಟಿದವರಿಗೆ ಮಳೆಗಾಲದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಮಾರ್ಚ್ ಏಪ್ರಿಲಿನಲ್ಲಿ ಮಣ್ಣು ಒಣಗಿ ಅರ್ತಿಂಗ್ ದುರ್ಬಲವಾದಾಗ ಚಾರ್ಜರು ಕೆಂಪು ದೀಪ ಹಚ್ಚಿ ಕೆಲಸ ನಿಲ್ಲಿಸುತ್ತದೆ. ಕಾರು ಕೆಟ್ಟಿತೆಂದು ಸರ್ವಿಸಿಗೆ ಕೊಂಡೊಯ್ಯುವ ಮೊದಲು ಅರ್ತ್ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ನೋಡುವುದು ಲೇಸು. ಶಾಶ್ವತ ಪರಿಹಾರವೆಂದರೆ ತಗ್ಗಿನ ತೇವದ ಜಾಗದಲ್ಲಿ, ಸಾಧ್ಯವಾದರೆ ಬಾವಿಯ ಬಳಿ, ಹೊಸ ಅರ್ತಿಂಗ್ ಮಾಡಿಸುವುದು. ತುಲಾ ತಿಂಗಳ (ಅಕ್ಟೋಬರ್ ನವೆಂಬರ್) ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ಗು ಕಿತ್ತಿಡಬೇಕೆಂದು ನಾನು ಹೇಳಬೇಕಾಗಿಲ್ಲ.

ತೋಟಕ್ಕೆ ನೀರು ಬಿಡುವ ಕಾಲದಲ್ಲಿ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. ಆಗ ಚಾರ್ಜ್ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಪಂಪುಗಳು ನಿಂತ ಮೇಲೆ ರಾತ್ರಿ ಹತ್ತರ ನಂತರ ಹಾಕಿದರೆ ಈ ತಾಪತ್ರಯ ಇಲ್ಲ. 7.2 ಕಿಲೊವ್ಯಾಟಿನ ಗೋಡೆ ಚಾರ್ಜರ್ ಬೇಕೆನ್ನುವವರು ಮೊದಲು ಕನೆಕ್ಟೆಡ್ ಲೋಡ್ ಹೆಚ್ಚಿಸಿ ತ್ರೀ ಫೇಸ್ ಮಾಡಿಸಿಕೊಳ್ಳಬೇಕಾಗುತ್ತದೆ. ದಿನಕ್ಕೆ ಐವತ್ತು ಕಿಲೋಮೀಟರ್ ಓಡುವವರಿಗೆ ಅದರ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ, ನಾನು ಅದನ್ನು ಹಾಕಿಕೊಟ್ಟು ಸಂಪಾದಿಸುವವನಾದರೂ.

ನಿಮ್ಮ ಪ್ರಶ್ನೆಯಲ್ಲಿ ತೋಟದ ಕನೆಕ್ಷನ್ನಿನ ಪ್ರಸ್ತಾಪ ಇರುವುದರಿಂದ ಇನ್ನೊಂದು ಮಾತು. ಕೃಷಿಯ ಕನೆಕ್ಷನ್ನಿನ ದರ ಅಗ್ಗವೆಂದು ಪಂಪಿನ ಶೆಡ್ಡಿನಲ್ಲಿ ಕಾರಿಗೆ ಚಾರ್ಜ್ ಕೊಡಲು ಯಾರಾದರೂ ಸಲಹೆ ಮಾಡಿದರೆ ಕೇಳಬೇಡಿ. 2003ರ ವಿದ್ಯುತ್ ಕಾಯ್ದೆಯ 126ನೆಯ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ, ಅದೂ ಹಿಂದಿನ ತಿಂಗಳುಗಳಿಗೆ ಸೇರಿಸಿ.


ಪೆರ್ಲದ ಕೃಷಿಕ:

ಲೆಕ್ಕಿಗರ ಬಿಲ್ಲಿನ ಲೆಕ್ಕದಲ್ಲಿ ನನಗೆ ತಕರಾರಿಲ್ಲ. ಆದರೆ ಓಡಿಸುವ ಖರ್ಚನ್ನು ಮಾತ್ರ ನೋಡಿ ಕಾರು ಕೊಳ್ಳುವುದು, ಹಾಲಿನ ಕ್ರಯ ಕೇಳಿ ಹಸುವಿನ ಕ್ರಯ ಕೇಳದೆ ಹಟ್ಟಿಗೆ ತಂದಂತೆ. ಒಂದೇ ಗಾತ್ರದ ಪೆಟ್ರೋಲ್ ಮತ್ತು ಎಲೆಕ್ಟ್ರಿಕ್ ಕಾರುಗಳ ನಡುವೆ ಮೂರರಿಂದ ನಾಲ್ಕು ಲಕ್ಷದ ಅಂತರವಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದು ಸೆಸ್ಸೂ ಹೋಯಿತು. ಎಲೆಕ್ಟ್ರಿಕ್ ಕಾರಿಗೆ ಅದಕ್ಕೆ ಮೊದಲೇ ಶೇ. 5 ಮಾತ್ರ ಇದ್ದುದರಿಂದ ಅದಕ್ಕೆ ಅದರಿಂದ ಲಾಭವೇನೂ ಆಗಲಿಲ್ಲ. ಆ ದಿನದ ಮೊದಲು ಬರೆದ ಹೋಲಿಕೆಗಳನ್ನೆಲ್ಲ ಬದಿಗಿಡಬೇಕು.

ಅಂತರ ಮೂರೂವರೆ ಲಕ್ಷ ಎಂದಿಟ್ಟುಕೊಂಡು ಅದನ್ನು ಶೇ. 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತೆಗೆದರೆ, ಆ ಹೆಚ್ಚುವರಿ ಮೊತ್ತಕ್ಕೇ ತಿಂಗಳ ಕಂತು ಸುಮಾರು 7,265 ರೂ. ಬರುತ್ತದೆ. ಮಾಸ್ಟ್ರ ಉಳಿತಾಯ 6,625ರಲ್ಲಿ 1,436 ಕಳೆದು 5,189 ರೂ. ಅಂದರೆ ಸಾಲ ತೀರುವ ತನಕ ಪ್ರತಿ ತಿಂಗಳೂ ಕೈಯಿಂದಲೇ ಹೋಗುತ್ತದೆ. ಉಳಿತಾಯದ ಮಾತು ಆಮೇಲಿನದು. ಮಾಸ್ಟ್ರು ಸಾವಿರ ಕಿಲೋಮೀಟರ್ ಓಡಿಸುವವರಾದ್ದರಿಂದ ಏಳನೆಯ ವರ್ಷದ ಕೊನೆಗಾದರೂ ಸಮ ಆದೀತು. ನನ್ನಂತೆ ತಿಂಗಳಿಗೆ 400 ಕಿಲೋಮೀಟರ್ ಓಡಿಸುವವನಿಗೆ ಮನೆಯ ಬಳಕೆ ಮಾಸ್ಟ್ರದಷ್ಟೇ ಇದ್ದರೆ ಉಳಿತಾಯ ತಿಂಗಳಿಗೆ 2,200ರ ಒಳಗೆ. ಬಡ್ಡಿ ಬಿಟ್ಟರೂ ಅಂತರ ತೀರಲು ಹದಿಮೂರು ವರ್ಷ ಬೇಕು. ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್; ನನ್ನ ಓಡಾಟದಲ್ಲಿ ಕಿಲೋಮೀಟರ್ ಕಾಲುಭಾಗವೂ ಮುಗಿಯುವ ಮೊದಲೇ ವರ್ಷ ಮುಗಿಯುತ್ತದೆ.

ನ್ಯಾಯವಾಗಿ ಎಲೆಕ್ಟ್ರಿಕ್ ಕಾರಿನ ಪರವಾಗಿಯೂ ಎರಡು ಅಂಶ ಸೇರಿಸಬೇಕು. ಕೇರಳದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ ಶೇ. 13, 15 ಲಕ್ಷದ ವರೆಗಿನ ಎಲೆಕ್ಟ್ರಿಕ್ ಕಾರಿಗೆ ಶೇ. 5. ಆರೂವರೆ ಲಕ್ಷದ ಪೆಟ್ರೋಲ್ ಕಾರಿಗೆ 84,500 ರೂ. ಆದರೆ ಹತ್ತು ಲಕ್ಷದ ಎಲೆಕ್ಟ್ರಿಕ್ ಕಾರಿಗೆ 50,000 ರೂ. ಸರ್ವಿಸಿನಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್ ಇವು ಯಾವುವೂ ಇಲ್ಲ. ನಮ್ಮ ಏರುಗಳಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸುವವರಿಗೆ ಕೊನೆಯದು ಸಣ್ಣ ಖರ್ಚಲ್ಲ. ವರ್ಷಕ್ಕೆ ನಾಲ್ಕೈದು ಸಾವಿರ ಉಳಿದೀತು. ಆದರೆ ಕಾರು ಭಾರವಾಗಿದ್ದು ಎಳೆತವೂ ಜಾಸ್ತಿಯಾದ್ದರಿಂದ ಟಯರ್ ಬೇಗ ಸವೆಯುತ್ತದೆ. ವಿಮೆಯಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಮ್ಮಿಗೆ ಶೇ. 15ರ ರಿಯಾಯಿತಿ ಇದ್ದರೂ, ಕಾರಿನ ಬೆಲೆ ಹೆಚ್ಚಿರುವುದರಿಂದ ಸ್ವಂತ ಹಾನಿಯ ಪ್ರೀಮಿಯಂ ಅದನ್ನು ನುಂಗಿ ಇನ್ನೂ ಬೇಡುತ್ತದೆ. ಮಾರುವಾಗ ಸಿಗುವ ಬೆಲೆಯಂತೂ ಪೆಟ್ರೋಲ್ ಕಾರಿನಷ್ಟು ಭದ್ರವಲ್ಲ. ಕಡಿಮೆ ಓಡಿಸುವವರು ಅದನ್ನೇ ಲಾಭ ಮಾಡಿಕೊಂಡು, ವಾರಂಟಿ ಬಾಕಿಯಿರುವ ಎರಡು ಮೂರು ವರ್ಷ ಹಳೆಯ ಎಲೆಕ್ಟ್ರಿಕ್ ಕಾರನ್ನು ಕೊಳ್ಳುವುದು ಜಾಣತನವಾದೀತು. ವಾರಂಟಿ ಎರಡನೆಯ ಒಡೆಯನಿಗೂ ಪೂರ್ತಿ ಸಲ್ಲುತ್ತದೆಯೇ ಎಂಬುದನ್ನು ಕಾಗದದಲ್ಲಿ ಓದಿಕೊಂಡು ಮಾತ್ರ.


ಕುಂಬಳೆಯ ಓದುಗ:

ಎರಡರ ನಡುವಿನ ದಾರಿಯನ್ನು ಯಾರೂ ಹೇಳಲಿಲ್ಲ. ಕೊಚ್ಚಿ ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಜಿಲ್ಲೆಯಲ್ಲೂ ಸಿ.ಎನ್.ಜಿ. ಸಿಗತೊಡಗಿದೆ. ಕಂಪನಿಯಲ್ಲೇ ಅಳವಡಿಸಿ ಬರುವ ಸಿ.ಎನ್.ಜಿ. ಸಣ್ಣ ಕಾರಿನ ಬೆಲೆ ಪೆಟ್ರೋಲ್ ಕಾರಿಗಿಂತ ಲಕ್ಷದೊಳಗೆ ಹೆಚ್ಚು, ಕಿಲೋಮೀಟರಿನ ಖರ್ಚು ಪೆಟ್ರೋಲಿನ ಅರ್ಧಕ್ಕಿಂತ ಸ್ವಲ್ಪ ಮೇಲೆ. ಡಿಕ್ಕಿಯಲ್ಲಿ ಜಾಗ ಕಡಿಮೆ, ಏರಿನಲ್ಲಿ ಎಳೆತವೂ ಕಡಿಮೆ. ಪೆರ್ಲದ ಕೃಷಿಕರಂತೆ ಕಡಿಮೆ ಓಡಿಸುವವರು ಇದನ್ನೂ ಪರಿಗಣಿಸಬಹುದು. ಆದರೆ ಬಂಕು ಹೆದ್ದಾರಿಯ ಪಕ್ಕದಲ್ಲಿರುವವರಿಗೆ ಹತ್ತಿರ, ಒಳಗಿನವರಿಗೆ ದೂರ.


ಮಂಜೇಶ್ವರದ ಗಡಿಮನೆ:

ಗಡಿಯ ಬಳಿ ಇರುವ ನಮ್ಮಂತಹವರಿಗೆ ಪೆಟ್ರೋಲಿನ ಲೆಕ್ಕವೇ ಬೇರೆ. ಕೇರಳ ಸರಕಾರ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂ. ಸಾಮಾಜಿಕ ಭದ್ರತಾ ಸೆಸ್ ಹಾಕಿದ ಮೇಲೆ ಗಡಿಯ ತಲಪಾಡಿಯಿಂದ ಆಚೆ ಕರ್ನಾಟಕಕ್ಕೆ ಹೋಗಿ ತುಂಬಿಸಿಕೊಳ್ಳುವುದು ಎಲ್ಲರಿಗೂ ರೂಢಿಯಾಗಿತ್ತು. 2024ರ ಜೂನ್‌ನಲ್ಲಿ ಕರ್ನಾಟಕವೂ ಪೆಟ್ರೋಲಿಗೆ 3 ರೂ. ಏರಿಸಿದ್ದರಿಂದ ಈಗ ಲಾಭ ಲೀಟರಿಗೆ ಮೂರು ನಾಲ್ಕು ರೂಪಾಯಿ ಮಾತ್ರ. ಮಂಗಳೂರಿಗೆ ಹೋದಾಗ ತುಂಬಿಸಿಕೊಳ್ಳುವುದು ಸರಿ. ಅದಕ್ಕೆಂದೇ ಬದಿಯಡ್ಕದಿಂದ ಗಡಿಯಾಚೆಯ ಅಡ್ಯನಡ್ಕಕ್ಕೆ ಹೋದರೆ ಉಳಿದದ್ದು ದಾರಿಯಲ್ಲೇ ಸುಟ್ಟುಹೋಗುತ್ತದೆ. ಮಾಸ್ಟ್ರ ತಿಂಗಳ ಪೆಟ್ರೋಲನ್ನೆಲ್ಲ ಆಚೆಯಲ್ಲೇ ಹಾಕಿಸಿದರೂ ಕಿಲೋಮೀಟರಿಗೆ ಇಳಿಯುವುದು ಇಪ್ಪತ್ತೈದು ಪೈಸೆಯಷ್ಟೇ. ತಲಪಾಡಿಯ ಟೋಲ್ ಎರಡು ಬಗೆಯ ಕಾರಿಗೂ ಒಂದೇ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆಚೆಯ ಮನೆಯವರಿಗೆ ಕರೆಂಟ್ ಉಚಿತ, ಅಲ್ಲಿ ಚಾರ್ಜ್ ಮಾಡಿದರೆ ಖರ್ಚೇ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದೂ ಹಾಗಲ್ಲ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿದ್ದಾರೆ, ಅದಕ್ಕಿಂತ ಹೆಚ್ಚಾದದ್ದಕ್ಕೆ ಹಣ ಕೊಡಬೇಕು. 200 ಯೂನಿಟ್ ದಾಟಿದ ತಿಂಗಳಂತೂ ಪೂರ್ತಿ ಬಿಲ್ಲೇ ಬರುತ್ತದೆ. ತಿಂಗಳಿಗೆ ತೊಂಬತ್ತು ಯೂನಿಟ್ ಬಳಸಿ ಬಿಲ್ಲನ್ನೇ ಮರೆತಿದ್ದ ಮನೆಗೆ ಕಾರು ಬಂದರೆ, ಕಾರಿನ ಯೂನಿಟ್‌ಗಳ ಜೊತೆಗೆ ಆ ತೊಂಬತ್ತರ ಹಣವೂ ಮರಳಿ ಹೆಗಲೇರುತ್ತದೆ. ದರದ ಹೆಸರು ಬೇರೆ, ಪೆಟ್ಟು ಬೀಳುವ ಜಾಗ ನಿಮ್ಮ 250ರ ಗಡಿಯದೇ ಜಾತಿ.


ಬದಿಯಡ್ಕದ ಅಧ್ಯಾಪಕ:

ಎಲ್ಲರಿಗೂ ಕೃತಜ್ಞತೆಗಳು. ಕಾರನ್ನು ಸಾಲ ತೆಗೆಯದೆ, ಇಟ್ಟಿರುವ ಹಣದಿಂದ ಕೊಳ್ಳುವ ಉದ್ದೇಶ ಇರುವುದರಿಂದ ಕೃಷಿಕರು ಹೇಳಿದ ಕಂತಿನ ಚಿಂತೆ ನನಗೆ ಅಷ್ಟಾಗಿ ಇಲ್ಲ. ಆ ಹಣಕ್ಕೆ ಬ್ಯಾಂಕಿನಲ್ಲಿ ಬರುವ ಬಡ್ಡಿ ಹೋಗುತ್ತದೆಂಬುದು ಗೊತ್ತಿದೆ. ಲೆಕ್ಕಿಗರಲ್ಲಿ ಕೇಳಬೇಕಾದದ್ದು ಇನ್ನೂ ಮೂರು ಇವೆ. ಸೆಕೆಗಾಲದ ಮೂರು ತಿಂಗಳು ಮನೆಯಲ್ಲಿ ಎ.ಸಿ. ಓಡುವುದರಿಂದ ಆಗಿನ ಬಳಕೆ ತಿಂಗಳಿಗೆ 240 ಯೂನಿಟ್‌ಗೆ ಹೋಗುತ್ತದೆ. ಆ ತಿಂಗಳುಗಳಲ್ಲಿ ಕಾರಿನ ಖರ್ಚು ಎಷ್ಟಾಗುತ್ತದೆ? ಮಂಗಳೂರಿಗೆ ಹೋದಾಗ ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಹಾಕಿದರೆ ಹೇಗೆ? ಮಾಡಿನ ಮೇಲೆ ಸೋಲಾರ್ ಹಾಕಿಸಿದರೆ ಇದೆಲ್ಲ ತಲೆನೋವು ತಪ್ಪುತ್ತದೆಯೇ?


ವಿದ್ಯಾನಗರದ ಲೆಕ್ಕಿಗ:

ಸೆಕೆಗಾಲದ ಲೆಕ್ಕ ಹೀಗೆ: 240 ಯೂನಿಟ್‌ಗೆ 1,347.50 ರೂ.; ಕಾರು ಸೇರಿ 380 ಆದಾಗ 7.95ರ ದರದಲ್ಲಿ 3,021 ರೂ. ಸುಂಕ ಸೇರಿಸಿ ಕಾರಿನ ಪಾಲು 1,841 ರೂ., ಕಿಲೋಮೀಟರಿಗೆ 1 ರೂ. 84 ಪೈಸೆ. ಏಪ್ರಿಲ್ ಮೇಯಲ್ಲಿ ಶಾಲೆಗೆ ರಜೆ ಇರುವುದರಿಂದ ನಿಮ್ಮ ಓಡಾಟವೇ ಕಡಿಮೆಯಾಗಬಹುದು, ಹಾಗಾದರೆ ಅಷ್ಟು ಬಾರದು.

ತಿಂಗಳಿಗೆ 250 ಯೂನಿಟ್ ದಾಟುವ ಮನೆಗಳಿಗೆ ಸಮಯಕ್ಕೆ ತಕ್ಕ ದರವೂ ಬಂದಿದೆ. ಬೆಳಿಗ್ಗೆ 6ರಿಂದ ಸಂಜೆ 6ರ ವರೆಗಿನ ಬಳಕೆಗೆ ಶೇ. 10 ಕಡಿಮೆ, ಸಂಜೆ 6ರಿಂದ ರಾತ್ರಿ 10ರ ವರೆಗೆ ಶೇ. 25 ಹೆಚ್ಚು, ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಮಾಮೂಲು ದರ. ನೀವು ಕಾರು ಕೊಂಡ ಕೂಡಲೇ ಈ ಗುಂಪಿಗೆ ಸೇರುತ್ತೀರಿ. ಶಾಲೆಯಿಂದ ಬಂದವರು ಕಾರನ್ನು ಶೆಡ್ಡಿಗೆ ಹಾಕಿ ಆಗಲೇ ಪ್ಲಗ್ಗು ಚುಚ್ಚುವುದು ಸಹಜ ಅಭ್ಯಾಸ. ಬಿಲ್ಲಿನ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಬಹುತೇಕ ಕಾರುಗಳಲ್ಲಿ ಚಾರ್ಜ್ ಆರಂಭವಾಗುವ ಸಮಯವನ್ನು ಮೊದಲೇ ನಿಗದಿಪಡಿಸಬಹುದು, ಹತ್ತೂಕಾಲಕ್ಕೆ ಇಟ್ಟುಬಿಡಿ. ವಯರ್‌ಮ್ಯಾನರು ಹೇಳಿದ ವೋಲ್ಟೇಜಿನ ಕಾರಣವೂ ಅದಕ್ಕೇ ಹೊಂದುತ್ತದೆ. ಭಾನುವಾರ ಹಗಲಿನಲ್ಲಿ ಕಾರು ಮನೆಯಲ್ಲೇ ಇದ್ದರೆ ಆಗ ಹಾಕುವುದು ಎಲ್ಲಕ್ಕಿಂತ ಅಗ್ಗ.

ಹೊರಗಿನ ಫಾಸ್ಟ್ ಚಾರ್ಜರುಗಳಲ್ಲಿ ಶೇ. 18ರ ಜಿ.ಎಸ್.ಟಿ.ಯೂ ಸೇರಿ ಯೂನಿಟ್‌ಗೆ 20 ರೂ. ಮೇಲೆ ಕೆಳಗೆ ಬೀಳುತ್ತದೆ. ಹೆದ್ದಾರಿಯ ವೇಗದಲ್ಲಿ ಬಳಕೆಯೂ ಹೆಚ್ಚಿರುವುದರಿಂದ ಕಿಲೋಮೀಟರಿಗೆ ಮೂರು ರೂಪಾಯಿ ಎಂದು ಹಿಡಿಯಿರಿ. ಪೆಟ್ರೋಲಿನ ಅರ್ಧಕ್ಕೆ ಹತ್ತಿರ ಬಂತು. ಮನೆಯಲ್ಲಿ ಪ್ಲಗ್ಗಿಗೆ ಅನುಕೂಲ ಇಲ್ಲದ ಫ್ಲಾಟಿನವರು, ದಿನವೂ ಹೊರಗೇ ಚಾರ್ಜ್ ಮಾಡಬೇಕಾದವರು, ಈ ದರದಲ್ಲಿ ಹೆಚ್ಚಿನ ಬೆಲೆ ಕೊಟ್ಟು ಎಲೆಕ್ಟ್ರಿಕ್ ಕಾರು ಕೊಳ್ಳಬಾರದೆಂಬುದೇ ನನ್ನ ಸಲಹೆ. ನಿಮಗೆ ಮಾತ್ರ ಅದು ಅಪರೂಪಕ್ಕೆ ಬೇಕಾಗುವಂಥದ್ದು. ಮಂಗಳೂರಿಗೆ ಹೋಗಿಬರುವ ದೂರ ಒಂದು ಪೂರ್ತಿ ಚಾರ್ಜಿನೊಳಗೇ ಮುಗಿಯುತ್ತದೆ, ರಾತ್ರಿ ತುಂಬಿಸಿಕೊಂಡು ಹೊರಟರೆ ಸಾಕು.

ಸೋಲಾರಿನ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ನಿಲುವು. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೊವ್ಯಾಟಿನ ಘಟಕಕ್ಕೆ 78,000 ರೂ. ಸಬ್ಸಿಡಿ ಇದೆ, ದಿನಕ್ಕೆ ಸರಾಸರಿ 12 ಯೂನಿಟ್ ಕೊಡುವ ಅಂತಹ ಘಟಕ ನಿಮ್ಮ ಮನೆ ಮತ್ತು ಕಾರು ಎರಡರ 300 ಯೂನಿಟ್‌ಗೂ ವರ್ಷದ ಒಟ್ಟು ಲೆಕ್ಕದಲ್ಲಿ ಸಾಲುತ್ತದೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಸೂರ್ಯ ಕಾಣುವುದೇ ಕಷ್ಟ, ಮಾಡಿನ ಮೇಲೆ ತೆಂಗು ಕಂಗುಗಳ ನೆರಳು ಬಿದ್ದರೆ ಉಳಿದ ತಿಂಗಳುಗಳಲ್ಲೂ ಉತ್ಪತ್ತಿ ಕುಸಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೋಲಾರಿನ ಉಳಿತಾಯವನ್ನು ಕಾರಿನ ಖಾತೆಗೆ ಬರೆಯುವುದು ನ್ಯಾಯವಲ್ಲ. ಪೆಟ್ರೋಲ್ ಕಾರೇ ಇದ್ದರೂ ಸೋಲಾರ್ ಮನೆಯ ಬಿಲ್ಲನ್ನು ಇಳಿಸುತ್ತಿತ್ತು. ಎರಡು ಬಂಡವಾಳಗಳಿಗೂ ಬೇರೆ ಬೇರೆ ಪುಟವಿರಲಿ. ಮೊದಲು ಕಾರು ಕೊಂಡು ಮಳೆಗಾಲದ್ದೂ ಸೆಕೆಗಾಲದ್ದೂ ಬಿಲ್ಲು ನೋಡಿ. ಒಟ್ಟು ಬಳಕೆ ತಿಂಗಳಿಗೆ 300ರ ಮೇಲೆಯೇ ನಿಲ್ಲುತ್ತದೆಂದು ಖಚಿತವಾದರೆ ಆಗ ಕೆ.ಎಸ್.ಇ.ಬಿ.ಯ ಸೆಕ್ಷನ್ ಆಫೀಸಿಗೆ ಹೋಗಿ ನೆಟ್ ಮೀಟರಿನ (ಸೋಲಾರಿನಿಂದ ಲೈನಿಗೆ ಕೊಟ್ಟ ಯೂನಿಟ್‌ಗಳನ್ನೂ ಅಳೆಯುವ ಮೀಟರ್) ಈಗಿನ ನಿಯಮಗಳನ್ನು ಕೇಳಿಕೊಂಡು, ಎಷ್ಟು ಕಿಲೊವ್ಯಾಟ್ ಬೇಕೆಂದು ನಿರ್ಧರಿಸಬಹುದು. ವಯರಿಂಗ್ ಮತ್ತು ಅರ್ತಿಂಗ್ ಕೆಲಸವನ್ನಂತೂ ಕಾರು ಬುಕ್ ಮಾಡಿದ ವಾರವೇ ಮುಗಿಸಿಡಿ.